ರೆಡ್ ಮೇಪಲ್: ತಳಿಗಿಂತ ಮೊದಲು ಜಾಗ ನೋಡಿ

ಪ್ರಶ್ನೆ: ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಆರು ವರ್ಷದ ಹಿಂದೆ ಮನೆ ಕೊಂಡಾಗ ಡ್ರೈವ್‌ವೇ ಮತ್ತು ರಸ್ತೆ ಸೇರುವ ಮೂಲೆಯಲ್ಲಿ ಬಿಲ್ಡರ್ ಒಂದು ರೆಡ್ ಮೇಪಲ್ ನೆಟ್ಟಿದ್ದರು. ಮೊದಮೊದಲು ಚೆನ್ನಾಗಿತ್ತು. ಈಚೆಗೆ ತುದಿಯ ಕೊಂಬೆಗಳು ಒಣಗುತ್ತಿವೆ, ಕಾಂಡದ ಮೇಲೆ ಬೂದುಗಪ್ಪು ಬಣ್ಣದ ಹಕ್ಕಳೆ ಕಟ್ಟಿದಂತಿದೆ. ಅದನ್ನು ತೆಗೆಸಿ ಅಲ್ಲೇ ಇನ್ನೊಂದನ್ನು ನೆಡಬೇಕೆಂದಿದ್ದೇವೆ. ಯಾವ ತಳಿ ಒಳ್ಳೆಯದು? ವರ್ಷವಿಡೀ ಕೆಂಪಾಗಿರುವುದು ಸಿಗುತ್ತದೆಯೇ? ಹಿತ್ತಲಿನ ಇಳಿಜಾರಿನ ಕೊನೆಯಲ್ಲಿ ಮಳೆ ಬಂದಾಗ ನೀರು ನಿಲ್ಲುವ ಜಾಗವೊಂದಿದೆ, ಅಲ್ಲಿ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ, ಅದಕ್ಕೇನು ಮಾಡುವುದು? ಮೈಸೂರಿನಲ್ಲಿರುವ ನಮ್ಮ ತಂದೆಗೆ ಈ ಮರದ ಮೇಲೆ ಬಹಳ ಆಸೆ. ಊರಿಗೆ ಹೋಗುವಾಗ ಬೀಜ ಒಯ್ಯಬಹುದೇ?

ಉತ್ತರ: ಡ್ರೈವ್‌ವೇ ಮೂಲೆಯಲ್ಲಿ ಇನ್ನೊಂದು ರೆಡ್ ಮೇಪಲ್ ನೆಡಬೇಡಿ. ಎಷ್ಟೇ ದುಬಾರಿ ತಳಿ ತಂದರೂ ಕೆಲವು ವರ್ಷಗಳಲ್ಲಿ ಅದಕ್ಕೂ ಇದೇ ಗತಿ. ಆದರೆ ಏನೂ ಬೆಳೆಯದು ಎಂದು ನೀವು ಬೇಸರಪಟ್ಟುಕೊಂಡಿರುವ ಹಿತ್ತಲಿನ ಜೌಗು ಮೂಲೆ ಇದೆಯಲ್ಲ, ಈ ಮರ ಬಯಸುವುದು ಅಂಥ ಜಾಗವನ್ನೇ. ನಿಮ್ಮ ಎರಡು ತೊಂದರೆಗಳಲ್ಲಿ ಒಂದಕ್ಕೆ ಇನ್ನೊಂದು ಪರಿಹಾರವಾಗಿ ಕುಳಿತಿದೆ.

ಏಸರ್ ರುಬ್ರಮ್ ಎಂಬ ಸಸ್ಯಶಾಸ್ತ್ರೀಯ ಹೆಸರಿನ ಈ ಮರ ಉತ್ತರ ಅಮೆರಿಕದ ಪೂರ್ವ ಭಾಗದ ಸ್ವಂತ ಮರ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಫ್ಲಾರಿಡಾದವರೆಗೆ ಕಾಡಿನಲ್ಲಿ ತಾನಾಗಿಯೇ ಬೆಳೆಯುತ್ತದೆ. ಸ್ವಾಂಪ್ ಮೇಪಲ್ ಎಂಬ ಇನ್ನೊಂದು ಹೆಸರೂ ಇದಕ್ಕಿದೆ. ಹೊಳೆದಂಡೆ, ಜೌಗು, ಒದ್ದೆ ತಗ್ಗುಗಳಲ್ಲಿ ಇದು ಹುಲುಸಾಗಿ ಬರುತ್ತದೆ. ನೀರು ನಿಂತು ಗಾಳಿಯಾಡದ ಮಣ್ಣನ್ನೂ ಇದರ ಬೇರು ಸಹಿಸುತ್ತದೆ. ಕಟ್ಟಡದ ಕೆಲಸಕ್ಕೆ ಬಂದ ಯಂತ್ರಗಳು ತುಳಿದು ಗಟ್ಟಿ ಮಾಡಿದ ಮಣ್ಣಿನಲ್ಲೂ ಗಾಳಿ ಇರುವುದಿಲ್ಲವಾದ್ದರಿಂದ, ಜೌಗಿನಲ್ಲಿ ಬದುಕುವ ಮರ ಅಲ್ಲಿಯೂ ಬದುಕೀತು ಎಂಬ ಲೆಕ್ಕದಲ್ಲಿ ಹೊಸ ಬಡಾವಣೆಗಳಲ್ಲಿ ಸಾಲುಸಾಲಾಗಿ ಇದನ್ನೇ ನೆಟ್ಟರು. ನರ್ಸರಿಯಲ್ಲಿ ಬೇಗ ಬೆಳೆಯುತ್ತದೆ, ಬೆಲೆ ಕಡಿಮೆ, ಕಿತ್ತು ನೆಟ್ಟರೆ ಸುಲಭವಾಗಿ ಬೇರು ಹಿಡಿಯುತ್ತದೆ. ಬಿಲ್ಡರ್‌ಗೆ ಬೇರೇನು ಬೇಕು? ಬೇರಿನ ಮಟ್ಟಿಗೆ ಆ ಲೆಕ್ಕ ತಪ್ಪಲ್ಲ. ಅದರಲ್ಲಿ ಬಿಟ್ಟುಹೋದದ್ದು ಡಾಂಬರು ಮತ್ತು ಕಾಂಕ್ರೀಟಿನ ಕಾವು.

ನಿಮ್ಮ ಮರದ ಹಕ್ಕಳೆಗೆ ಆ ಕಾವೇ ಮೂಲ ಎಂಬುದು ನನ್ನ ಬಲವಾದ ಗುಮಾನಿ. ಒಂದು ಸಣ್ಣ ಪರೀಕ್ಷೆ ಮಾಡಿ. ಒಣಗುತ್ತಿರುವ ಕೊಂಬೆಯ ಮೇಲಿನ ಒಂದು ಬೂದು ಗುಬುಟನ್ನು ಹೆಬ್ಬೆರಳಿನ ಉಗುರಿನಿಂದ ಮೀಟಿ ನೋಡಿ. ಮುಚ್ಚಳದಂತೆ ಎದ್ದು ಬಂದು ಅಡಿಯಲ್ಲಿ ಮೆತ್ತನೆಯ ಪುಟ್ಟ ದೇಹ ಕಂಡರೆ ಅದು ತೊಗಟೆಯಲ್ಲ, ಗ್ಲೂಮಿ ಸ್ಕೇಲ್ ಎಂಬ ಶಲ್ಕ ಕೀಟ. ಒಂದೊಂದು ಸಾಸಿವೆ ಕಾಳಿನಷ್ಟೂ ಇರುವುದಿಲ್ಲ, ತೊಗಟೆಯ ಬಣ್ಣವೇ ಇದರದೂ. ಹಾಗಾಗಿ ಕೊಂಬೆ ಒಣಗುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇರೆ ಕೆಲವು ಶಲ್ಕ ಕೀಟಗಳಂತೆ ಅಂಟು ರಸವನ್ನು ಸುರಿಸುವುದೂ ಇಲ್ಲ, ಆದ್ದರಿಂದ ಕೆಳಗೆ ನಿಲ್ಲಿಸಿದ ಕಾರು ಅಂಟಂಟಾಗಿ ಎಚ್ಚರಿಸುವ ಅನುಕೂಲವೂ ಇಲ್ಲ.

ಇದು ಹೊರಗಿನಿಂದ ಬಂದ ಪೀಡೆಯಲ್ಲ, ಮೇಪಲ್‌ನಷ್ಟೇ ಹಳೆಯ ಸ್ಥಳೀಯ ಕೀಟ. ಕಾಡಿನಲ್ಲಿ ಹುಡುಕಿದರೂ ಸಿಗುವುದು ಅಪರೂಪ. ನಿಮ್ಮ ಪಕ್ಕದ ರಾಲಿಯಲ್ಲಿರುವ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಬೀದಿಮರಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡದ್ದು ಇದು: ಸುತ್ತ ಗಟ್ಟಿ ನೆಲ ಹೆಚ್ಚಿದಷ್ಟೂ ಮರದ ಬಳಿ ಸೆಕೆ ಹೆಚ್ಚು, ಸೆಕೆ ಹೆಚ್ಚಿದಷ್ಟೂ ಹೆಣ್ಣು ಕೀಟ ಹೆರುವ ಮರಿಗಳು ಹೆಚ್ಚು. ಕೇವಲ ಎರಡು–ಮೂರು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಕೀಟದ ಸಂಖ್ಯೆ ಹಲವು ಪಟ್ಟು ಏರುತ್ತದೆ. ಮರಕ್ಕೆ ಅದೇ ಸೆಕೆಯಿಂದ ನೀರಿನ ಕೊರತೆಯೂ ಆಗುತ್ತದೆ. ಬಾಯಾರಿದ ಮರದ ರಸವನ್ನು ಸಾವಿರಾರು ಬಾಯಿಗಳು ಹೀರುವಾಗ ಅದು ತುದಿಯಿಂದ ಒಣಗುತ್ತಾ ಬರುತ್ತದೆ.

ಈ ಸಂಶೋಧಕರು ಜನಸಾಮಾನ್ಯರಿಗಾಗಿ ಒಂದು ಸರಳ ವಿಧಾನವನ್ನು ರೂಪಿಸಿದ್ದಾರೆ, ಹೆಸರು ‘ಪೇಸ್ ಟು ಪ್ಲಾಂಟ್’. ಮೇಪಲ್ ನೆಡುವ ಯಾರೇ ಆಗಲಿ ಇದನ್ನು ಮಾಡದೆ ಗುದ್ದಲಿ ಎತ್ತಬಾರದು ಎನ್ನುವಷ್ಟು ಇದು ನನಗೆ ಇಷ್ಟ. ಗಿಡ ನೆಡಬೇಕೆಂದಿರುವ ಜಾಗದಲ್ಲಿ, ಅತ್ಯಂತ ಹತ್ತಿರದ ರಸ್ತೆ ಅಥವಾ ಡ್ರೈವ್‌ವೇ ಅಂಚಿಗೆ ಮುಖಮಾಡಿ ನಿಲ್ಲಿ. ಅಲ್ಲಿಂದ 45 ಡಿಗ್ರಿ ತಿರುಗಿ ನೇರವಾಗಿ 25 ಹೆಜ್ಜೆ ನಡೆಯಿರಿ. ಎಷ್ಟು ಹೆಜ್ಜೆ ಕಾಂಕ್ರೀಟು, ಡಾಂಬರಿನಂಥ ಗಟ್ಟಿ ನೆಲದ ಮೇಲೆ ಬಿದ್ದವೆಂದು ಎಣಿಸಿ. ಮತ್ತೆ ಮೊದಲಿನ ಜಾಗಕ್ಕೆ ಬಂದು 90 ಡಿಗ್ರಿ ತಿರುಗಿ ಇನ್ನೊಂದು 25. ಹೀಗೆ ನಾಲ್ಕು ದಿಕ್ಕು, ಒಟ್ಟು 100 ಹೆಜ್ಜೆ. ಮನೆ ಅಡ್ಡ ಬಂದರೆ ಅದನ್ನೂ ಗಟ್ಟಿ ನೆಲವೆಂದೇ ಅಂದಾಜಿನಲ್ಲಿ ಸೇರಿಸಿಕೊಳ್ಳಿ. ಗಟ್ಟಿ ನೆಲದ ಹೆಜ್ಜೆಗಳು ಮೂರನೇ ಒಂದು ಭಾಗದೊಳಗಿದ್ದರೆ ರೆಡ್ ಮೇಪಲ್‌ಗೆ ಜಾಗ ಒಳ್ಳೆಯದು. ಮೂರನೇ ಎರಡು ಭಾಗ ದಾಟಿದರೆ ಬೇಡವೇ ಬೇಡ. ನಡುವೆ ಬಂದರೆ ನೀರು ಹಾಕುವ ಶ್ರದ್ಧೆ ನಿಮಗೆಷ್ಟಿದೆ ಎಂಬುದರ ಮೇಲೆ ನಿಂತಿದೆ. ಒಂದು ಕಡೆ ರಸ್ತೆ, ಒಂದು ಕಡೆ ಡ್ರೈವ್‌ವೇ, ಹಿಂದೆ ಮನೆ ಇರುವ ನಿಮ್ಮ ಮೂಲೆಯ ಫಲಿತಾಂಶವನ್ನು ನಾನು ಇಲ್ಲಿಂದಲೇ ಊಹಿಸಬಲ್ಲೆ. ಆದರೂ ನಡೆದು ನೋಡಿ, ಹಿತ್ತಲಿನಲ್ಲಿಯೂ ನಡೆಯಿರಿ.

ಈಗಿರುವ ಮರವನ್ನು ಉಳಿಸಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅರ್ಧದಷ್ಟು ಕೊಂಬೆ ಸತ್ತಿದ್ದರೆ ತೆಗೆಸಿ. ತುದಿ ಮಾತ್ರ ಒಣಗಿದ್ದರೆ ಬೇಸಿಗೆಯಲ್ಲಿ ಆಳವಾಗಿ ನೀರುಣಿಸಿ, ಬುಡದ ಹುಲ್ಲು ತೆಗೆದು ಮಲ್ಚ್ (ಮರದ ಚಕ್ಕೆ, ತೊಗಟೆ ಚೂರಿನ ಹೊದಿಕೆ) ಹಾಸಿ, ಇನ್ನೂ ಕೆಲವು ವರ್ಷ ನೆರಳು ಪಡೆಯಬಹುದು. ಅಂಗಡಿಯಲ್ಲಿ ಬುಡಕ್ಕೆ ಸುರಿಯುವ ಇಮಿಡಾಕ್ಲೋಪ್ರಿಡ್ ಔಷಧಿಯನ್ನು ಕೊಡಲು ಬಂದರೆ ಬೇಡವೆನ್ನಿ. ಗಟ್ಟಿ ಕವಚದ ಈ ಬಗೆಯ ಶಲ್ಕ ಕೀಟಗಳಿಗೆ ಅದು ನಾಟುವುದಿಲ್ಲ, ಚಳಿ ಮುಗಿಯುವ ಮೊದಲೇ ಈ ಮರದ ಹೂವಿಗೆ ಬರುವ ಜೇನ್ನೊಣಗಳಿಗೆ ಮಾತ್ರ ನಾಟುತ್ತದೆ. ಸಿಂಪಡಣೆ ಮಾಡಿಸಲೇಬೇಕೆಂದರೆ ಬೇಸಿಗೆಯ ಆರಂಭದಲ್ಲಿ ಮರಿಗಳು ಹರಿದಾಡುವ ವಾರಗಳಲ್ಲಿ ಪರವಾನಗಿ ಇರುವ ಮರತಜ್ಞರಿಂದ ಮಾಡಿಸಿ. ಬಿಸಿ ನೆಲ ಅಲ್ಲೇ ಇರುವವರೆಗೆ ಕೀಟ ಮರಳಿ ಬರುತ್ತದೆ ಎಂಬುದು ತಿಳಿದಿರಲಿ.

ಇನ್ನು ವರ್ಷವಿಡೀ ಕೆಂಪು. ಇಲ್ಲಿ ಬಹುಮಂದಿ ಮೂರು ಬೇರೆ ಬೇರೆ ಮರಗಳನ್ನು ಒಂದೇ ಎಂದುಕೊಂಡಿರುತ್ತಾರೆ. ರೆಡ್ ಮೇಪಲ್‌ನ ಎಲೆ ಬೇಸಿಗೆಯಲ್ಲಿ ಅಚ್ಚ ಹಸಿರು, ಅಡಿಭಾಗ ತುಸು ಬೆಳ್ಳಗೆ. ಚಳಿ ಮುಗಿಯುವ ಮುನ್ನ ಎಲೆಯಿಲ್ಲದ ಕೊಂಬೆಯಲ್ಲಿ ಬರುವ ಹೂವು ಕೆಂಪು, ನಂತರದ ರೆಕ್ಕೆಬೀಜ ಕೆಂಪು, ಎಲೆತೊಟ್ಟು ಕೆಂಪು, ಕೊನೆಗೆ ಶರತ್ಕಾಲದ ಎಲೆ ಕೆಂಪು. ಬೇಸಿಗೆಯಲ್ಲೂ ಕಡುಗೆಂಪಾಗಿ ನಿಲ್ಲುವ ಗಿಡ್ಡ ಮರ ನೀವು ನೋಡಿದ್ದರೆ ಅದು ಜಪಾನೀ ಮೇಪಲ್, ಬಹುಶಃ ಬ್ಲಡ್‌ಗುಡ್ ತಳಿ. ದೊಡ್ಡದಾಗಿ ಬೆಳೆದ ನೇರಳೆಗೆಂಪು ಮರವಾದರೆ ನಾರ್ವೆ ಮೇಪಲ್‌ನ ಕ್ರಿಮ್ಸನ್ ಕಿಂಗ್. ಅದು ಯುರೋಪಿನಿಂದ ಬಂದದ್ದು, ಅಮೆರಿಕದ ಈಶಾನ್ಯ ರಾಜ್ಯಗಳ ಕಾಡುಗಳಿಗೆ ನುಗ್ಗಿ ತೊಂದರೆ ಕೊಡುತ್ತಿದೆ, ನಿಮ್ಮ ಊರಿನ ಸೆಕೆಯನ್ನೂ ತಡೆಯುವುದಿಲ್ಲ. ಕೆನಡಾದ ಧ್ವಜದಲ್ಲಿರುವುದು ಯಾವುದು ಎಂದು ಮಕ್ಕಳು ಕೇಳಿದರೆ, 1965ರಲ್ಲಿ ಬಂದ ಆ ಹನ್ನೊಂದು ತುದಿಗಳ ಎಲೆ ಚಿತ್ರಕಾರರ ಕೈಯಲ್ಲಿ ಸರಳಗೊಂಡದ್ದು, ಅದನ್ನು ಹಿಡಿದು ಮರ ಗುರುತಿಸಲು ಹೋಗಬೇಡಿ ಎನ್ನಿ.

ಶರತ್ಕಾಲದ ಕೆಂಪು ಕೂಡ ಬೀಜದಿಂದ ಬೆಳೆದ ಮರಕ್ಕೆ ಖಾತರಿಯಿಲ್ಲ. ಹಳದಿಗೋ ಕಿತ್ತಳೆಗೋ ತಿರುಗಿ ಉದುರಿಬಿಡುವ ಮರಗಳು ಎಷ್ಟೋ ಇವೆ. ಎಲೆಯ ಹಸಿರು ಕರಗುವ ಹೊತ್ತಿಗೆ ಅದರಲ್ಲಿ ಉಳಿದ ಸಕ್ಕರೆಯಿಂದ ಆಂಥೊಸಯನಿನ್ ಎಂಬ ಬಣ್ಣ ಹೊಸದಾಗಿ ತಯಾರಾಗುತ್ತದೆ. ನಮ್ಮ ಮಾವಿನ ಚಿಗುರಿಗೆ ಕೆಂಬಣ್ಣ ಕೊಡುವುದೂ ಇದೇ ಗುಂಪಿನ ವಸ್ತು. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ತಂಪು ಇದ್ದ ವರ್ಷ ಬಣ್ಣ ಕಳೆಗಟ್ಟುತ್ತದೆ. ಬರಗಾಲದ ವರ್ಷ ಎಲೆ ಬಣ್ಣ ತಿರುಗುವ ಮೊದಲೇ ಅಂಚು ಸುಟ್ಟು ಉದುರುತ್ತದೆ. ಹವಾಮಾನ ನಿಮ್ಮ ಕೈಯಲ್ಲಿಲ್ಲ, ತಳಿ ಇದೆ.

ಹಿತ್ತಲಿಗೆ ನನ್ನ ಮೊದಲ ಆಯ್ಕೆ ಅಕ್ಟೋಬರ್ ಗ್ಲೋರಿ. ನ್ಯೂಜೆರ್ಸಿಯ ಪ್ರಿನ್ಸ್‌ಟನ್ ನರ್ಸರೀಸ್ 1960ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದ ತಳಿ. ಹೆಸರಲ್ಲಿ ಅಕ್ಟೋಬರ್ ಇದ್ದರೂ ನಿಮ್ಮಲ್ಲಿ ಬಣ್ಣ ತುಂಬುವುದು ಹೆಚ್ಚಾಗಿ ನವೆಂಬರ್‌ನಲ್ಲಿ. ಉತ್ತರದ ಮಿನೆಸೋಟದಂಥ ಕಡೆ ಬಣ್ಣ ತಿರುಗುವ ಮೊದಲೇ ಹಿಮ ಬಂದು ಎಲೆ ಕೆಡುತ್ತದೆ, ಆದರೆ ನಿಮ್ಮ ಊರಿನ ದೀರ್ಘ ಶರತ್ಕಾಲಕ್ಕೆ ಹೇಳಿ ಮಾಡಿಸಿದಂತಿದೆ. ರೆಡ್ ಸನ್‌ಸೆಟ್ ಸ್ವಲ್ಪ ಮುಂಚೆ ಬಣ್ಣ ತಿರುಗುತ್ತದೆ, ಕೊಂಬೆಗಳ ಜೋಡಣೆ ಗಟ್ಟಿ. ಇವೆರಡೂ ಹೆಣ್ಣು ಮರಗಳು, ಬೀಜ ಉದುರಿ ಹೂಪಾತಿಯಲ್ಲೆಲ್ಲ ಸಸಿ ಏಳುತ್ತದೆ. ಅದು ಬೇಡವಾದರೆ ಅಮೆರಿಕದ ರಾಷ್ಟ್ರೀಯ ಸಸ್ಯೋದ್ಯಾನದಿಂದ ಬಂದ ಬ್ರ್ಯಾಂಡಿವೈನ್ ಎಂಬ ಗಂಡು ತಳಿ ಇದೆ, ಬಣ್ಣ ವೈನಿನ ಕಡೆಗೆ ವಾಲುತ್ತದೆ. ಆದರೆ ಗಂಡು ಮರವೆಂದರೆ ಪರಾಗ. ಮನೆಯಲ್ಲಿ ಫೆಬ್ರವರಿ ಬಂತೆಂದರೆ ಸೀನುವವರಿದ್ದರೆ ಬೀಜ ಗುಡಿಸುವುದೇ ವಾಸಿ.

ಎಲ್ಲ ದೊಡ್ಡ ಅಂಗಡಿಗಳಲ್ಲೂ ರಾಶಿ ಬಿದ್ದಿರುವ ಆಟಮ್ ಬ್ಲೇಜ್ ಅಪ್ಪಟ ರೆಡ್ ಮೇಪಲ್ ಅಲ್ಲ, ಸಿಲ್ವರ್ ಮೇಪಲ್ ಜೊತೆಗಿನ ಮಿಶ್ರತಳಿ. ಈ ಎರಡು ಜಾತಿಗಳನ್ನು ರಾಷ್ಟ್ರೀಯ ಸಸ್ಯೋದ್ಯಾನದ ಆಲಿವರ್ ಫ್ರೀಮನ್ 1933ರಲ್ಲಿ ಬೆಸೆದಿದ್ದರಿಂದ ಇಂಥವಕ್ಕೆ ಫ್ರೀಮನ್ ಮೇಪಲ್ ಎಂದು ಹೆಸರು. ಬಣ್ಣ ನಿಜಕ್ಕೂ ಬೆಂಕಿ, ಬೆಳವಣಿಗೆ ಬಹಳ ಬೇಗ. ಬೇಗ ಬೆಳೆದ ಕೊಂಬೆ ಬಿರುಗಾಳಿಗೆ, ಮಂಜುಗಟ್ಟಿದ ಮಳೆಗೆ ಅಷ್ಟೇ ಬೇಗ ಸೀಳುತ್ತದೆ. ನಾನಂತೂ ಮನೆಯ ಹತ್ತಿರ ನೆಡುವುದಿಲ್ಲ. ಯಾವುದನ್ನೇ ಕೊಂಡರೂ ಕಸಿ ಮಾಡಿದ್ದೋ ಸ್ವಂತ ಬೇರಿನದೋ ಎಂದು ವಿಚಾರಿಸಿ. ರೆಡ್ ಮೇಪಲ್‌ನಲ್ಲಿ ಕಸಿಯ ಕೂಡು ವರ್ಷಗಳ ನಂತರವೂ ಒಪ್ಪದೆ ಮರ ಮುರಿದುಬೀಳುವುದುಂಟು, ಸ್ವಂತ ಬೇರಿನದಕ್ಕೆ ಆ ಭಯವಿಲ್ಲ. ಹತ್ತಿರದ ನರ್ಸರಿಯಲ್ಲಿ ಬೆಳೆದ ಗಿಡವನ್ನೇ ಹುಡುಕಿ. ಒಂದೇ ಜಾತಿಯಾದರೂ ಕೆನಡಾ ಗಡಿಯ ಬೀಜದ ಮರ ನಿಮ್ಮ ಸೆಕೆಯಲ್ಲಿ ಸೊರಗುತ್ತದೆ, ಫ್ಲಾರಿಡಾದ್ದು ಉತ್ತರದ ಚಳಿಯಲ್ಲಿ ಸಾಯುತ್ತದೆ.

ನೆಡುವ ಮುನ್ನ ಎರಡು ಕಾಗದ ಪತ್ರದ ಕೆಲಸ. ನೀರು ನಿಲ್ಲುವ ತಗ್ಗು ಎಷ್ಟೋ ಬಡಾವಣೆಗಳಲ್ಲಿ ಮಳೆನೀರು ಹರಿಯಲು ಕಾದಿಟ್ಟ ಪಟ್ಟಿಯಾಗಿರುತ್ತದೆ, ಅಲ್ಲಿ ಮರ ನೆಡಲು ಅನುಮತಿ ಇರದಿರಬಹುದು. ಮನೆ ಕೊಂಡಾಗ ಕೊಟ್ಟ ನಿವೇಶನದ ನಕ್ಷೆಯಲ್ಲಿ ನೋಡಿ, ಎಚ್‌ಒಎ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘದ ಒಪ್ಪಿಗೆಯನ್ನೂ ಕೇಳಿ. ಇನ್ನೊಂದು, 811ಕ್ಕೆ ಕರೆ ಮಾಡಿ. ನೆಲದಡಿಯ ಗ್ಯಾಸ್, ವಿದ್ಯುತ್ ಮಾರ್ಗಗಳನ್ನು ಉಚಿತವಾಗಿ ಗುರುತು ಮಾಡಿ ಹೋಗುತ್ತಾರೆ.

ಮನೆಗೆ ಕನಿಷ್ಠ 20 ಅಡಿ ದೂರವಿರಲಿ, ಜಾಗವಿದ್ದರೆ ಇನ್ನೂ ಹೆಚ್ಚು. ತೋಟದಲ್ಲಿ ಇದು 40ರಿಂದ 60 ಅಡಿ ಎತ್ತರ, 30ರಿಂದ 50 ಅಡಿ ಅಗಲ ಆಗುವ ಮರ. ಬೇರು ಮೇಲ್ಮಟ್ಟದಲ್ಲೇ ಹರಡುವುದರಿಂದ ಕಾಲುದಾರಿಯ ಚಪ್ಪಡಿ, ಸೆಪ್ಟಿಕ್ ಟ್ಯಾಂಕಿನ ಬಳಿ ತರಬೇಡಿ. ನಿಮ್ಮಲ್ಲಿ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ, ಕುಂಡದಲ್ಲಿ ಬೆಳೆದ ಗಿಡ ನೆಡಲು ಒಳ್ಳೆಯ ಕಾಲ. ಎಲೆಯಿಲ್ಲದಿದ್ದರೂ ಚಳಿಗಾಲದಲ್ಲಿ ಬೇರು ಮೆಲ್ಲಗೆ ಬೆಳೆಯುತ್ತಲೇ ಇರುತ್ತದೆ.

ಗುಂಡಿಯ ವಿಷಯದಲ್ಲಿ ಜನ ಮಾಡುವ ತಪ್ಪು ಆಳ ಹೆಚ್ಚಿಸುವುದು. ಬೇಕಾದದ್ದು ಅಗಲ: ಬೇರಿನ ಉಂಡೆಯ ಎರಡು–ಮೂರು ಪಟ್ಟು. ಆಳ ಉಂಡೆಯ ಎತ್ತರಕ್ಕಿಂತ ಒಂದಿಷ್ಟೂ ಹೆಚ್ಚು ಬೇಡ. ಕುಂಡದಿಂದ ತೆಗೆದ ಮೇಲೆ ಮೇಲಿನ ಮಣ್ಣನ್ನು ಕೆರೆದು, ಕಾಂಡ ಅಗಲವಾಗಿ ಬೇರಾಗಿ ಕವಲೊಡೆಯುವ ಜಾಗವನ್ನು ಹುಡುಕಿ. ನರ್ಸರಿಯವರು ಅದನ್ನು ಮೂರ್ನಾಲ್ಕು ಇಂಚು ಮಣ್ಣಿನಡಿ ಹುಗಿದಿರುವುದು ಸಾಮಾನ್ಯ. ಆ ಭಾಗ ನೆಲದ ಮಟ್ಟಕ್ಕಿಂತ ತುಸು ಮೇಲೆ ಕಾಣಬೇಕು. ಕುಂಡದ ಗೋಡೆಗೆ ಸುತ್ತಿಕೊಂಡ ಬೇರುಗಳನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ. ಮೇಪಲ್‌ನಲ್ಲಿ ಹೀಗೆ ಸುತ್ತಿದ ಬೇರು ದಪ್ಪವಾಗುತ್ತಾ ಹದಿನೈದು–ಇಪ್ಪತ್ತು ವರ್ಷದ ಮೇಲೆ ತನ್ನ ಕಾಂಡವನ್ನೇ ಬಿಗಿದು ಕೊಲ್ಲುತ್ತದೆ, ಆಗ ಯಾವ ತಜ್ಞನನ್ನು ಕರೆದರೂ ಪ್ರಯೋಜನವಿಲ್ಲ.

ನಿಮ್ಮದು ಕೆಂಪು ಜೇಡಿಮಣ್ಣು. ಗುಂಡಿಗೆ ಮಾತ್ರ ಚೀಲಗಟ್ಟಲೆ ಕಾಂಪೋಸ್ಟ್ ತುಂಬಿದರೆ ಸುತ್ತಲಿನ ಜೇಡಿಯ ನಡುವೆ ಅದೊಂದು ತೊಟ್ಟಿಯಾಗಿ ನೀರು ಹಿಡಿಯುತ್ತದೆ. ತೆಗೆದ ಮಣ್ಣನ್ನೇ ಹೆಂಟೆ ಪುಡಿಮಾಡಿ ಮರಳಿ ತುಂಬಿ. ಜೌಗು ಮರವೆಂದ ಮೇಲೆ ನೀರಿನ ಚಿಂತೆ ಏಕೆ ಎನ್ನಬೇಡಿ. ಬೀಜ ಬಿದ್ದಲ್ಲೇ ಬೇರು ಬಿಟ್ಟು ಒಗ್ಗಿಕೊಂಡ ಮರಕ್ಕೂ ಕುಂಡದಿಂದ ಈಗಷ್ಟೇ ಬಂದದ್ದಕ್ಕೂ ಬಹಳ ಅಂತರವಿದೆ. ಎಳೆಯ ಮೇಪಲ್‌ನ ಬುಡದಲ್ಲಿ ದಿನಗಟ್ಟಲೆ ನೀರು ನಿಂತರೆ ಅದು ಹೊರಬಿಡುವ ಎಥನಾಲ್ ವಾಸನೆಗೆ ವಸಂತದ ಆರಂಭದಲ್ಲಿ ಆಂಬ್ರೋಸಿಯಾ ದುಂಬಿಗಳು ಬಂದು ಕಾಂಡ ಕೊರೆಯುತ್ತವೆ. ಆದ್ದರಿಂದ ತಗ್ಗಿನ ನಟ್ಟನಡುವೆ ಬೇಡ. ಅಂಚಿನಲ್ಲಿ, ಬೇರಿನ ಉಂಡೆ ಎರಡು–ಮೂರು ಇಂಚು ಮೇಲಿರುವಂತೆ ಅಗಲವಾದ ದಿಬ್ಬ ಮಾಡಿ ನೆಡಿ. ಬೇರು ತಾನಾಗಿಯೇ ನೀರಿನತ್ತ ಇಳಿಯುತ್ತದೆ.

ಮೊದಲ ಎರಡು ವಾರ ದಿನವೂ, ನಂತರ ಸುಮಾರು ಮೂರು ತಿಂಗಳು ಎರಡು–ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ನೀರು. ಕಾಂಡದ ದಪ್ಪ ಒಂದು ಇಂಚಾದರೆ ಒಂದು ಸಲಕ್ಕೆ ಸುಮಾರು ಎರಡು ಗ್ಯಾಲನ್. ಬೆರಳು ಮಣ್ಣಿಗಿಳಿಸಿ ನೋಡಿ, ಒದ್ದೆಯಿದ್ದರೆ ಆ ದಿನ ಬಿಡಿ. ಎರಡು ಇಂಚಿನ ಗಿಡ ನೆಲೆಗೊಳ್ಳಲು ಹೆಚ್ಚುಕಡಿಮೆ ಎರಡು ವರ್ಷ ಬೇಕು, ಆ ಎರಡೂ ಬೇಸಿಗೆ ನೀವು ಊರಿಗೆ ಹೋಗುವುದಾದರೆ ಪಕ್ಕದ ಮನೆಯವರನ್ನು ಈಗಲೇ ಒಪ್ಪಿಸಿಕೊಳ್ಳಿ. ಮಲ್ಚ್ ಎರಡು–ಮೂರು ಇಂಚು ದಪ್ಪ, ಅಗಲವಾಗಿ, ಕಾಂಡಕ್ಕೆ ತಾಗದಂತೆ. ಇಲ್ಲಿನ ತೋಟಗಾರಿಕೆ ಕಂಪನಿಗಳ ಕೆಲಸಗಾರರು ಪ್ರತಿ ವಸಂತದಲ್ಲೂ ಕಾಂಡದ ಸುತ್ತ ಹುತ್ತದಂತೆ ಪೇರಿಸಿ ಹೋಗುತ್ತಾರೆ. ಅದರಿಂದ ತೊಗಟೆ ಕೊಳೆಯುತ್ತದೆ, ಬೇರು ಮೇಲಕ್ಕೆ ಹತ್ತಿ ಕಾಂಡ ಸುತ್ತುತ್ತದೆ. ದುಡ್ಡು ಕೊಟ್ಟು ಮರ ಕೊಲ್ಲಿಸುವ ವಿಧಾನಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಹುಲ್ಲು ಕತ್ತರಿಸುವ ದಾರದ ಯಂತ್ರಕ್ಕೆ ಎರಡನೆಯದು; ರೆಡ್ ಮೇಪಲ್‌ನ ತೊಗಟೆ ತೀರ ತೆಳು.

ಗೊಬ್ಬರ ಮೊದಲ ವರ್ಷ ಬೇಡ. ನಿಮ್ಮ ಮಣ್ಣು ಸಾಮಾನ್ಯವಾಗಿ ಹುಳಿ, ಈ ಮರಕ್ಕೆ ಅದೇ ಹಿತ. ಕಾಂಕ್ರೀಟಿನ ಬಳಿ ಮಾತ್ರ ಸುಣ್ಣದಂಶ ಇಳಿದು, ಮ್ಯಾಂಗನೀಸ್ ಸಿಗದೆ, ನರ ಹಸಿರಾಗಿಯೇ ಉಳಿದು ಎಲೆ ಹಳದಿಯಾಗುವುದುಂಟು. ಅನುಮಾನವಿದ್ದರೆ ರಾಜ್ಯದ ಕೃಷಿ ಇಲಾಖೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಏಪ್ರಿಲ್‌ನಿಂದ ನವೆಂಬರ್‌ವರೆಗೆ ಶುಲ್ಕವಿಲ್ಲ, ಮಣ್ಣು ತುಂಬುವ ಪೆಟ್ಟಿಗೆ ಕೌಂಟಿ ಎಕ್ಸ್‌ಟೆನ್ಷನ್ (ಕೃಷಿ ಸಲಹಾ) ಕಚೇರಿಯಲ್ಲಿ ಸಿಗುತ್ತದೆ. ಕೊಂಬೆ ಸವರುವ ಕೆಲಸವನ್ನು ಮರ ಎಳೆಯದಾಗಿರುವಾಗಲೇ ಮುಗಿಸಿ: ಒಂದೇ ದಪ್ಪದ ಎರಡು ಕಾಂಡಗಳು ಕಿರಿದಾದ ಕೋನದಲ್ಲಿ ಏಳುತ್ತಿದ್ದರೆ ಒಂದನ್ನು ತೆಗೆಯಿರಿ. ಚಳಿಗಾಲದ ಕೊನೆಯಲ್ಲಿ ಕತ್ತರಿಸಿದರೆ ಗಾಯದಿಂದ ರಸ ತೊಟ್ಟಿಕ್ಕುತ್ತದೆ, ಗಾಬರಿಯಾಗಬೇಡಿ. ನೆರೆಯಲ್ಲಿ ಕುದುರೆ ಸಾಕಿದವರಿದ್ದರೆ ಕತ್ತರಿಸಿದ ಸೊಪ್ಪು ಆ ಕಡೆ ಹೋಗದಂತೆ ನೋಡಿಕೊಳ್ಳಿ. ಬಾಡಿದ ರೆಡ್ ಮೇಪಲ್ ಎಲೆ ಕುದುರೆಯ ರಕ್ತಕಣಗಳನ್ನು ಒಡೆದು ಪ್ರಾಣವನ್ನೇ ತೆಗೆಯುತ್ತದೆ.

ಅಂದದ ದೃಷ್ಟಿಯಿಂದ ಎರಡು ಮಾತು. ಶರತ್ಕಾಲದ ಎಲೆಗೆ ಹಿಂದಿನಿಂದ ಬಿಸಿಲು ಬಿದ್ದಾಗ ಬರುವ ಕೆಂಪು ಮುಂದಿನಿಂದ ಬಿದ್ದಾಗ ಬರುವುದಿಲ್ಲ. ಸಂಜೆ ನೀವು ಕಾಫಿ ಹಿಡಿದು ಕೂರುವ ಕಿಟಕಿಗೆ ಪಶ್ಚಿಮದಲ್ಲಿ ಮರ ಬರುವಂತಿದ್ದರೆ ಅದೇ ಸರಿಯಾದ ಜಾಗ. ಬೇಸಿಗೆಯ ಇಳಿಬಿಸಿಲಿಗೆ ನೆರಳು, ಎಲೆ ಉದುರಿದ ಚಳಿಗಾಲದಲ್ಲಿ ಬಿಸಿಲು, ಎರಡೂ ಸಿಗುತ್ತವೆ. ಹಿನ್ನೆಲೆಯಲ್ಲಿ ಅಮೆರಿಕನ್ ಹಾಲಿಯಂಥ ಕಡುಹಸಿರು ನಿತ್ಯಹಸಿರು ಮರವಿದ್ದರೆ ಕೆಂಪು ಎದ್ದು ಕಾಣುತ್ತದೆ. ಬುಡದಲ್ಲಿ ಹುಲ್ಲುಹಾಸಿನ ಆಸೆ ಬಿಟ್ಟುಬಿಡಿ. ದಟ್ಟ ನೆರಳು ಮತ್ತು ಮೇಲ್ಬೇರುಗಳ ನಡುವೆ ಅದು ಗೆಲ್ಲುವುದಿಲ್ಲ, ಬೇರು ಮುಚ್ಚಲೆಂದು ಮೇಲೆ ಮಣ್ಣು ಸುರಿದರೆ ಮರಕ್ಕೇ ಕೇಡು. ತಗ್ಗಿನ ಒದ್ದೆ ಭಾಗಕ್ಕೆ ವರ್ಜೀನಿಯಾ ಸ್ವೀಟ್‌ಸ್ಪೈರ್ ಪೊದೆ ಹಾಕಿ, ಅದರ ಎಲೆಯೂ ಶರತ್ಕಾಲದಲ್ಲಿ ಕೆಂಪಾಗುತ್ತದೆ. ವಿಂಟರ್‌ಬೆರಿಯ ಕೆಂಪು ಹಣ್ಣು ಎಲೆಯುದುರಿದ ಮೇಲೂ ನಿಲ್ಲುತ್ತದೆ, ಆದರೆ ಹಣ್ಣಿಗೆ ಗಂಡು ಗಿಡವೊಂದು ಹತ್ತಿರ ಇರಬೇಕು.

ಡ್ರೈವ್‌ವೇ ಮೂಲೆಗೆ ಮೇಪಲ್ಲೇ ಬೇಕೆಂಬ ಹಟವಿದ್ದರೆ ಟ್ರೈಡೆಂಟ್ ಮೇಪಲ್ ನೋಡಿ. ಪೂರ್ವ ಏಷ್ಯಾದ್ದು, ಚಿಕ್ಕ ಗಾತ್ರದ್ದು, ಸೆಕೆ ತಡೆಯುತ್ತದೆ. ಕೆಂಪು ಮುಖ್ಯವಾದರೆ ಚೈನೀಸ್ ಪಿಸ್ತಾಶ್. ಸ್ಥಳೀಯ ಮರವೇ ಆಗಲಿ ಎಂದರೆ ಬ್ಲ್ಯಾಕ್ ಗಮ್, ಅದರ ಕೆಂಪು ಕೆಲವು ವರ್ಷ ಮೇಪಲ್ಲನ್ನೂ ಮೀರಿಸುತ್ತದೆ.

ಕೊನೆಗೆ ನಿಮ್ಮ ತಂದೆಯವರ ಆಸೆ. ಬೀಜ ಒಯ್ಯಬೇಡಿ. ಭಾರತದ 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬೀಜ ತರುವಂತಿಲ್ಲ. ಕಾಗದಪತ್ರವೆಲ್ಲ ಸರಿಯಾದರೂ ನಿರಾಶೆಯೇ ಗಟ್ಟಿ. ಈ ಮರದ ಬೀಜ ವಸಂತದ ಕೊನೆಗೆ ಬಲಿತು ಬಿದ್ದ ಕೂಡಲೇ ಮೊಳೆಯುವಂಥದ್ದು, ಹಾಗಾಗಿ ಮೈಸೂರಿನ ಕುಂಡದಲ್ಲೂ ಸಸಿ ಎದ್ದೀತು. ಆದರೆ ಕ್ಯಾರೊಲೈನಾದ ಮರದ ಮೊಗ್ಗು ಸರಿಯಾಗಿ ಒಡೆಯಲು ವಾರಗಟ್ಟಲೆ ಕೊರೆಯುವ ಚಳಿ ಬೇಕು, ಮೈಸೂರಿನ ಡಿಸೆಂಬರ್ ಅಷ್ಟು ಕೊಡುವುದಿಲ್ಲ. ಸಸಿ ಸೊರಗುತ್ತಾ ನಿಲ್ಲುತ್ತದೆ, ಎಲೆ ಕೆಂಪಾಗಲು ಬೇಕಾದ ತಂಪು ರಾತ್ರಿಗಳೂ ಇಲ್ಲ. ತಂದೆಯವರಿಗೆ ಬೇಕಾದದ್ದು ಇಡೀ ಮರ ಕೆಂಪಾಗುವ ನೋಟವಾದರೆ ಸಾಗಡೆ ಮರದ ಸಸಿಗಾಗಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ವಿಚಾರಿಸಲು ಹೇಳಿ. ಎಲೆ ಉದುರುವ ನಮ್ಮ ಕಾಡುಗಳ ಮರ ಅದು, ಬೇಸಿಗೆ ಹತ್ತಿರವಾಗುತ್ತಿದ್ದಂತೆ ಚಿಗುರಿನಿಂದ ಇಡೀ ಮರ ಕೆಂಪೇರುತ್ತದೆ. ಬೆಳವಣಿಗೆ ನಿಧಾನ, ಜಾಗವೂ ಬೇಕು. ಮನೆಯಂಗಳ ಚಿಕ್ಕದಾಗಿದ್ದರೆ ನೆಡುವುದು ಬೇಡ, ಮೈಸೂರಿನ ಬೀದಿಗಳಲ್ಲಿ ಕಾಡುಬಾದಾಮಿ ಎಲೆ ಉದುರಿಸುವ ಮೊದಲು ಕೆಂಪಾಗುವುದನ್ನು ನೋಡಲು ಖರ್ಚಿಲ್ಲ.